ಅವ್ವನಿಗೇ ಪಾಠ ಹೇಳಿದ ಫೋನು

“ಇದನ್ನ ಬಿಸಿನೀರಿಗೆ ಹಾಕಬಾರದು, ಹಿಂಡಬಾರದು, ನೆರಳಲ್ಲೇ ಒಣಗಿಸಬೇಕು, ಅಲ್ವಾ?” ಚಳ್ಳಕೆರೆ ಸಂತೆಯಲ್ಲಿ ಕಂಬಳಿ ಕೊಳ್ಳಲು ಬಂದ ಹೆಂಗಸೊಬ್ಬರು ಫೋನು ನೋಡಿಕೊಂಡು ನಮ್ಮವ್ವನನ್ನು ಕೇಳಿದರು.

“ಯಾರು ಹೇಳಿದ್ರು ನಿಮಗೆ?” ಎಂದಳು ಅವ್ವ.

“ಎಐ ಹೇಳ್ತು” ಎಂದು ಅವರು ಫೋನು ತಿರುಗಿಸಿದರು. ಉತ್ತರದ ಕೆಳಗೆ ನನ್ನ ಬ್ಲಾಗಿನ ಕೊಂಡಿ, ಅವ್ವನ ಹೆಸರು ಎರಡೂ ಇದ್ದವು.

ಒಗೆಯಲು ಬಾರದೆ ಕಂಬಳಿ ಕೆಡಿಸಿಕೊಂಡವರು ಅವ್ವನನ್ನೇ ದೂರುತ್ತಿದ್ದರು. ಅದಕ್ಕೇ ಒಗೆಯುವ ಬಗೆ ತಿಳಿಸಿ ಬ್ಲಾಗಿನಲ್ಲಿ ಉದ್ದನೆಯ ಲೇಖನ ಬರೆದಿದ್ದೆ; ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಹೋದ ತಿಂಗಳು ಪೀಠಿಕೆ ಕಿತ್ತುಹಾಕಿ, ಗಿರಾಕಿಗಳ ಪ್ರಶ್ನೆಗಳನ್ನೇ ತಲೆಬರಹ ಮಾಡಿ, ಕೆಳಗೆ ಅವ್ವನ ಉತ್ತರವನ್ನು ಅವಳ ಹೆಸರಿನಲ್ಲೇ ನೇರವಾಗಿ ಬರೆದಿದ್ದೆ. ಎಐ ಎತ್ತಿ ಹೇಳಿದ್ದು ಅದನ್ನೇ.

ನಾನು ಓದಿ ಹೇಳಿದಾಗ ಅವ್ವ ನಕ್ಕಳು. “ನನ್ನ ಮಾತು ನನಗೇ ಹೇಳಾಕೆ ಬಂದೀರಲ್ರಿ ತಾಯಿ.”

ಓದು ಬಾರದ ಅವ್ವ ಈಗ ಉಣ್ಣೆ ನೂಲುತ್ತಲೇ ನನ್ನನ್ನು ಕರೆಯುತ್ತಾಳೆ: “ಇದನ್ನೂ ಬರಿ. ಮೊದ್ಲು ಉತ್ರ ಹೇಳು, ಕತೆ ಆಮೇಲೆ.”