‘ಗೆ’ ಅಕ್ಷರದ ಉಬ್ಬು

ನನ್ನ ಚಿಕ್ಕಪ್ಪ ಬರೆದ ಸಾಮಾನಿನ ಚೀಟಿ ಓದಲು ಅಂಗಡಿಯವನಿಗೆ ಕನ್ನಡಿ ಬೇಕಾಗುತ್ತಿತ್ತು. ನಿಯಾನ್ ದೀಪಕ್ಕೆ ಗಾಜಿನ ಕೊಳವೆ ಬಗ್ಗಿಸುವವರು ಅಕ್ಷರಗಳನ್ನು ಹಿಂಬದಿಯಿಂದ, ಉಲ್ಟಾ ಮಾಡುತ್ತಾರೆ. ಮೂವತ್ತು ವರ್ಷ ಅದನ್ನೇ ಮಾಡಿದ ಮನುಷ್ಯ, ಗಮನ ಎಲ್ಲೋ ಇದ್ದರೆ ಸಕ್ಕರೆ ಸೋಪುಗಳನ್ನೂ ಉಲ್ಟಾ ಬರೆದುಬಿಡುತ್ತಿದ್ದ. ಚಿಕ್ಕಮ್ಮ ಮಾತ್ರ ಅದನ್ನು ನೀರು ಕುಡಿದಷ್ಟು ಸುಲಭವಾಗಿ ಓದುತ್ತಿದ್ದಳು. ಅವಳು ದರ್ಜಿ.

“ಬಟ್ಟೆನೂ ಒಳಮಗ್ಗುಲು ತಿರುಗಿಸಿಯೇ ಹೊಲಿಯೋದಲ್ವಾ? ಇದೇನು ಮಹಾ!” ಅನ್ನುತ್ತಿದ್ದಳು.

ಅವಳ ಅಂಗಡಿಯ ಮೇಲೆ ‘ಹೊಲಿಗೆ’ ಅಂತ ಕೆಂಪು ನಿಯಾನ್ ದೀಪವಿತ್ತು. ಮದುವೆಯಾದ ವರ್ಷ ಚಿಕ್ಕಪ್ಪನೇ ಮಾಡಿ ಕೊಟ್ಟದ್ದು. ಒಂದು ದಿನ ಪಕ್ಕದ ಗೋಡೆಗೆ ಬಣ್ಣ ಹೊಡೆಯುವವನ ಏಣಿ ಜಾರಿ, ಕೊನೆಯ ‘ಗೆ’ ಒಡೆಯಿತು. ಕರೆಂಟು ಒಂದು ಅಕ್ಷರ ದಾಟಿ ಇನ್ನೊಂದಕ್ಕೆ ಹೋಗಬೇಕಲ್ಲ, ಹಾಗಾಗಿ ಮೂರೂ ಆರಿಹೋದವು.

ಅಷ್ಟರಲ್ಲಿ ಚಿಕ್ಕಪ್ಪ ಕೆಲಸ ಬಿಟ್ಟು ವರ್ಷವಾಗಿತ್ತು. ಶ್ವಾಸಕೋಶ ಸೋತಿದೆ, ಇನ್ನು ಕೊಳವೆ ಊದಬೇಡಿ ಎಂದು ಡಾಕ್ಟರು ಹೇಳಿದ್ದರು.

“ಎಲ್‌ಇಡಿ ಹಾಕಿಸೋಣ ಬಿಡ್ರೀ. ನಿಮ್ಮ ಎದೆಗಿಂತ ಬೋರ್ಡು ಹೆಚ್ಚಾ?” ಎಂದಳು ಚಿಕ್ಕಮ್ಮ.

“ಬೇರೆಯವರು ಮಾಡಿದ ದೀಪದ ಕೆಳಗೆ ನೀನು ಕೂತು ಹೊಲಿಯೋದನ್ನ ನಾನು ನೋಡಲ್ಲ,” ಎಂದು ಅವನು ಹಿತ್ತಲಿನಲ್ಲಿದ್ದ ತನ್ನ ಹಳೆಯ ಕೆಲಸದ ಕೋಣೆಯ ಬೀಗ ತೆಗೆದ. ಹಟದಲ್ಲಿ ಅವನನ್ನು ಮೀರಿಸುವವರು ನಮ್ಮ ಮನೆತನದಲ್ಲೇ ಇರಲಿಲ್ಲ, ನನ್ನನ್ನು ಬಿಟ್ಟರೆ.

ಬೆಂಕಿಯಲ್ಲಿ ಕಾದ ಗಾಜು ಮೆತ್ತಗಾಗುತ್ತದೆ. ಬಗ್ಗಿಸುವಾಗ ಒಳಗಿನ ತೂತು ಚಪ್ಪಟೆಯಾಗದಂತೆ, ಕೊಳವೆಯ ತುದಿಗೆ ಸಿಕ್ಕಿಸಿದ ರಬ್ಬರ್ ಪೈಪನ್ನು ಬಾಯಲ್ಲಿಟ್ಟುಕೊಂಡು ಆ ಕ್ಷಣಕ್ಕೇ ಮೆಲ್ಲಗೆ ಊದಬೇಕು. ಚಿಕ್ಕಪ್ಪನ ಕೈ ಪಳಗಿದ ಕೈ, ಆದರೆ ಊದುವ ಹೊತ್ತಿಗೆ ಕೆಮ್ಮು ಬರುತ್ತಿತ್ತು. ಮೂರು ಕೊಳವೆ ಚಪ್ಪಟೆಯಾದವು. ಕೂದಲೆಳೆಯಷ್ಟು ಸೊಟ್ಟಗಿದ್ದರೂ ಒಡೆದು ಬಕೆಟ್ಟಿಗೆ ಹಾಕುವವನು ಅವನು. ಮೂರನ್ನೂ ಹಾಕಿ ಸ್ಟೂಲಿನ ಮೇಲೆ ಕುಸಿದ.

“ಕೈ ಇದೆ, ಉಸಿರೇ ಇಲ್ಲ,” ಎಂದ. ಅವನ ಕಣ್ಣಲ್ಲಿ ನೀರಿತ್ತು. ಎಲ್ಲಿ ನೋಡಬೇಕೋ ತಿಳಿಯದೆ ನಾನು ಗೋಡೆ ನೋಡಿದೆ.

ಚಿಕ್ಕಮ್ಮ ಬಟ್ಟೆಯ ಚೂರಿನಿಂದ ಪೈಪಿನ ತುದಿ ಒರೆಸಿ ತನ್ನ ಬಾಯಿಗಿಟ್ಟುಕೊಂಡಳು. ಅವನು ಹೊಸ ಕೊಳವೆ ಕಾಯಿಸಿ ಬಗ್ಗಿಸಿದ. ಅವಳು ಊದಿದ ರಭಸಕ್ಕೆ ಗಾಜು ಬಲೂನಿನಂತೆ ಉಬ್ಬಿ ಒಡೆಯಿತು.

“ಏನು, ಒಲೆ ಊದ್ತಿದೀಯಾ?”

“ಮೂವತ್ತು ವರ್ಷದಲ್ಲಿ ಒಂದು ಸಲನಾದ್ರೂ ಹೇಳಿಕೊಟ್ಟಿದ್ರಾ?”

ಅವನು ನಕ್ಕ, ನಕ್ಕು ಕೆಮ್ಮಿದ. “ಸೂಜಿಗೆ ದಾರ ಪೋಣಿಸುವಾಗ ಉಸಿರು ಬಿಗಿ ಹಿಡೀತೀಯಲ್ಲ, ಅದನ್ನೇ ಒಂಚೂರು ಬಿಡು, ಸಾಕು.”

ಆಮೇಲೆ ಅವಳು ಗಾಜನ್ನು ನೋಡಲಿಲ್ಲ. ಅವನ ಭುಜ ನೋಡಿಕೊಂಡು ಊದಿದಳು, ಅದು ಬಾಗಿದಾಗ ಊದಿ, ನಿಂತಾಗ ನಿಲ್ಲಿಸಿದಳು. ‘ಗೆ’ ಬಂತು. ಒಂದು ತಿರುವಿನಲ್ಲಿ ಮಾತ್ರ ಸ್ವಲ್ಪ ಉಬ್ಬು. ಚಿಕ್ಕಮ್ಮ ತಾನೇ ಬಕೆಟ್ ತಂದು ಮುಂದೆ ಹಿಡಿದಳು. ಅವನು ಅದನ್ನು ಕಾಲಿನಿಂದ ಆಚೆ ಸರಿಸಿದ.

ಎರಡೂ ತುದಿಗೆ ಕರೆಂಟು ಹರಿಯುವ ಲೋಹ ಬೆಸೆದು, ಅವನು ಕೊಳವೆಯನ್ನು ಪಂಪಿಗೆ ಜೋಡಿಸಿದ. ಪಂಪು ಗಾಳಿ ಎಳೆಯುತ್ತಿದ್ದ ಹಾಗೆ ಅವನ ಮಾತು ಶುರುವಾಯಿತು. “ನಾವು ಉಸಿರಾಡೋ ಗಾಳಿಯಲ್ಲೇ ನಿಯಾನ್ ಇದೆ. ಲಕ್ಷ ಲೀಟರಿಗೆ ಎರಡು ಲೀಟರೂ ಇಲ್ಲ ಅಷ್ಟೆ. ನೂರಿಪ್ಪತ್ತು ವರ್ಷಕ್ಕೂ ಹಿಂದೆ ಇಬ್ಬರು ವಿಜ್ಞಾನಿಗಳು ಗಾಳಿಯನ್ನ ತಣ್ಣಗೆ ಮಾಡಿ ಮಾಡಿ ನೀರಿನ ಹಾಗೆ ದ್ರವ ಮಾಡಿ, ಅದರಿಂದ ಇದನ್ನ ಬೇರೆ ಮಾಡಿದ್ರು. ಕರೆಂಟು ಕೊಟ್ಟರೆ ಕೆಂಪಗೆ ಹೊಳೀತು. ಆಮೇಲೆ ಆಮ್ಲಜನಕ ಮಾಡಿ ಮಾರ್ತಿದ್ದವನೊಬ್ಬನ ಹತ್ರ ಇದು ಬೇಡದ ಮಾಲಾಗಿ ಉಳೀತಿತ್ತು. ಅವನು ಅದನ್ನ ಉದ್ದದ ಕೊಳವೆಗೆ ತುಂಬಿ ದೀಪ ಮಾಡ್ದ.”

“ನನ್ನ ಚಿಂದಿಯಲ್ಲಿ ಕೌದಿ ಆಗಲ್ವಾ, ಹಾಗೆ,” ಎಂದಳು ಚಿಕ್ಕಮ್ಮ.

ಸಾವಿರಾರು ವೋಲ್ಟು ಹಾಯಿಸಿ ಗಾಜನ್ನು ಕಾಯಿಸಿದಾಗ ಒಳಗೆ ಅಂಟಿದ್ದ ಕೊಳೆಯೂ ಬಿಟ್ಟು ಹೋಯಿತು. ಕೊಳವೆ ಆರಿದ ಮೇಲೆ ಚಿಕ್ಕಪ್ಪ ಚಿಟಿಕೆಯಷ್ಟು ನಿಯಾನ್ ಬಿಟ್ಟು ಅದರ ಬಾಯಿ ಮುಚ್ಚಿದ.

“ಅಂದ್ರೆ ನಾನು ಊದಿದ ಉಸಿರೂ ಹೋಯ್ತಾ?”

“ಪೂರ್ತಿ ಹೋಯ್ತು. ಉಳಿದಿದ್ರೆ ಬಣ್ಣ ಕೆಡ್ತಿತ್ತು.”

ಅವಳ ಮುಖ ಬಾಡಿತು. ಅವನು ಅವಳ ಬೆರಳು ಹಿಡಿದು ಗಾಜಿನ ಉಬ್ಬಿನ ಮೇಲಿಟ್ಟ. “ಇಲ್ಲಿತ್ತು, ನೋಡು.”

ಸಂಜೆ ಮೂರು ಅಕ್ಷರವೂ ಹೊತ್ತಿಕೊಂಡವು. ಅದೇ ಅವನು ಮಾಡಿದ ಕೊನೆಯ ದೀಪ. ಚಿಕ್ಕಪ್ಪ ಹೋಗಿ ಈಗ ನಾಲ್ಕು ವರ್ಷ. ಮೊನ್ನೆ ಒಬ್ಬ ಗಿರಾಕಿ ಅಳತೆ ಕೊಡುತ್ತಾ, “ಕೊನೆ ಅಕ್ಷರ ಒಂದು ಕಡೆ ಊದಿಕೊಂಡಿದೆಯಲ್ಲ, ಸರಿ ಮಾಡಿಸಬಾರದಾ?” ಎಂದ.

“ತೋಳು ಎತ್ತಿ,” ಎಂದಳು ಚಿಕ್ಕಮ್ಮ, ಟೇಪು ಹಿಡಿದು. “ಅದನ್ನ ನಾವಿಬ್ಬರೂ ಸೇರಿ ಮಾಡಿದ್ದು.”