ರಂಗದ ಮೇಲೆ ಅಕ್ಕ ಅತ್ತದ್ದು

ಭಾನುವಾರ ಬಂದರೆ ನಾನು ಬಂಗಾರಪೇಟೆಯಲ್ಲಿ ರೈಲು ಹತ್ತಿ ಬೆಂಗಳೂರಿಗೆ ನಾಟಕ ನೋಡಲು ಹೋಗುತ್ತೇನೆ. ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯ ಒಂದು ಶಾಲೆಯಲ್ಲಿ ಕನ್ನಡ ಕಲಿಸುವ ಕೆಲಸ ನನ್ನದು. ವಾರವೆಲ್ಲ ಮಕ್ಕಳ ಮುಂದೆ ಕೂಗಿ ಗಂಟಲು ಒಣಗಿದ ಮೇಲೆ, ಕತ್ತಲಲ್ಲಿ ಸುಮ್ಮನೆ ಕೂತು ಬೇರೆಯವರ ಮಾತು ಕೇಳುವುದೇ ಒಂದು ಸುಖ. ಈಚೆಗೆ ಬೆಂಗಳೂರಿನ ರಂಗಮಂದಿರಗಳಲ್ಲಿ ಸಂಗೀತ ನಾಟಕಗಳ ಕಾಲ ನಡೆದಿದೆ. ಅಜ್ಜನ ಕಾಲದ ಹಾರ್ಮೋನಿಯಂ ನಾಟಕಗಳಲ್ಲ. ರಂಗದ ಒಂದು ಮಗ್ಗುಲಲ್ಲಿ ಗಿಟಾರು, ತಮಟೆ, ಪಿಟೀಲು ಹಿಡಿದ ಹುಡುಗ ಹುಡುಗಿಯರು ಕೂತಿರುತ್ತಾರೆ. ಪಾತ್ರಗಳು ಜಗಳವಾಡುತ್ತಲೇ ಹಾಡಿಗೆ ಇಳಿಯುತ್ತವೆ. ಯಾವ ವಾರ ನೋಡಿದರೂ ಎಲ್ಲೋ ಒಂದು ಕಡೆ ಅಂಥದ್ದೊಂದು ನಡೆಯುತ್ತಿರುತ್ತದೆ, ಟಿಕೆಟ್ ಸಿಗುವುದೇ ಕಷ್ಟ.

ಅಂಥ ಒಂದು ನಾಟಕ ಮುಗಿದ ಮೇಲೆ ಹೊರಗೆ ಚಹಾ ಕುಡಿಯುತ್ತ ನಿಂತಿದ್ದಾಗ ಅದರ ನಿರ್ದೇಶಕಿಯ ಪರಿಚಯವಾಯಿತು. ನನಗಿಂತ ಚಿಕ್ಕವಳು, ಬಿರುಸಾಗಿ ಮಾತಾಡುವ ಹೆಂಗಸು. ನಾನು ಕೆಜಿಎಫ್‌ನವಳು ಎಂದು ತಿಳಿದ ಕೂಡಲೇ ಕೈ ಹಿಡಿದುಕೊಂಡಳು. ಅವಳ ಮುಂದಿನ ಸಂಗೀತ ನಾಟಕ ಚಿನ್ನದ ಗಣಿಯ ಹೆಂಗಸರ ಮೇಲಂತೆ. ಗಣಿ ಕಾಲೋನಿಗಳಲ್ಲಿ ತಮಿಳು ಹೆಂಗಸರು ಸಾವಿನ ಮನೆಯಲ್ಲಿ ಹಾಡುವ ಒಪ್ಪಾರಿಯನ್ನು ಆಗಲೇ ಕೇಳಿ ಬಂದಿದ್ದಳು.

“ಅದೇ ಥರ ಕನ್ನಡದಲ್ಲಿ ಹೇಳಿಕೊಂಡು ಅಳೋರು ನಿಮ್ಮ ಕಡೆ ಇದ್ದಾರಾ?” ಎಂದು ಕೇಳಿದಳು.

ಇದ್ದಳು. ನನ್ನ ಅಕ್ಕನೇ.

ಅಕ್ಕನನ್ನು ಕೊಟ್ಟಿದ್ದು ಕಾಮಸಮುದ್ರದ ಕಡೆಯ ಒಂದು ಹಳ್ಳಿಗೆ. ರಾಗಿ, ಟೊಮೇಟೊ ಬೆಳೆಯುತ್ತಾರೆ, ಸೀಮೆಹಸು ಕಟ್ಟಿ ಡೇರಿಗೆ ಹಾಲು ಹಾಕುತ್ತಾರೆ. ಆ ಊರಲ್ಲಿ ಯಾರು ಸತ್ತರೂ ಮೊದಲು ಹೆಣದ ಮುಂದೆ ಕೂತು ಹೇಳಿಕೊಂಡು ಅಳುತ್ತಿದ್ದವರು ಅಕ್ಕನ ಅತ್ತೆ. ಸತ್ತವರು ಏನು ತಿನ್ನುತ್ತಿದ್ದರು, ಯಾರ ಮೇಲೆ ಸಿಟ್ಟಾಗುತ್ತಿದ್ದರು, ಯಾವ ಹೊಲ ಉತ್ತಿದ್ದರು ಎಲ್ಲವನ್ನೂ ರಾಗಕ್ಕೆ ಹಾಕುತ್ತಿದ್ದರು. ನಡುವೆ ತೆಲುಗು ಮಾತು ಬಂದರೆ ಅದೂ ಸೇರಿಹೋಗುತ್ತಿತ್ತು. ಮದುವೆಯಾಗಿ ಹೋದ ಹೊಸದರಲ್ಲಿ ಅಕ್ಕ ಅವರ ಹಿಂದೆ ಕೂತು ಕಡೆಯ ಸಾಲು ಎತ್ತಿಕೊಡುತ್ತಿದ್ದಳು. ಅತ್ತೆಗೆ ಉಸಿರು ಸಾಲದಂತಾದ ಮೇಲೆ ಆ ಜಾಗದಲ್ಲಿ ಅಕ್ಕನೇ ಕೂರತೊಡಗಿದಳು. ಅವಳು ಅತ್ತರೆ ಗಂಡಸರೂ ಟವೆಲ್ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು.

ನಿರ್ದೇಶಕಿಯನ್ನು ಕರೆದುಕೊಂಡು ಹೋದ ದಿನ ಅಕ್ಕ ನಾಟಿ ಪದ, ಬೀಸೋ ಪದ ಎಲ್ಲ ಹೇಳಿದಳು. ಸಾವಿನ ಪದ ಕೇಳಿದಾಗ ಅತ್ತೆಯ ಮುಖ ನೋಡಿದಳು. ಅತ್ತೆ ನಡುಮನೆಯಲ್ಲಿ ಕಾಲು ಚಾಚಿ, ಸೊಂಟದ ಎಲೆಅಡಿಕೆ ಚೀಲ ಬಿಚ್ಚಿಕೊಂಡು ಕೂತಿದ್ದರು.

“ಯಾರೂ ಸಾಯ್ದೆ ಮನೇಲಿ ಅದನ್ನ ಏಳಬಾರ್ದಮ್ಮ,” ಎಂದರು ಅವರು. “ಕೇಳ್ಲೇಬೇಕು ಅಂದ್ರೆ ಕೆರೆ ಕಟ್ಟೆ ಮೇಲಕ್ಕೆ ಓಗಿ ಕೇಳ್ಕೊಳ್ಳಿ.”

ಕಟ್ಟೆಯ ಮೇಲೆ ಅಕ್ಕ ನಮ್ಮ ಅಪ್ಪನಿಗೆ ಅತ್ತಿದ್ದನ್ನೇ ಮತ್ತೆ ಹೇಳಿದಳು. ಅಪ್ಪ ಹೋಗಿ ವರ್ಷಗಳಾಗಿದ್ದವು. ಆದರೂ ನನಗೆ ಅಳು ಬಂತು, ನಿರ್ದೇಶಕಿಯೂ ಅತ್ತಳು. ಹೊರಡುವ ಮುಂಚೆ ಅವಳು ಭಾವನ ಹತ್ತಿರವೇ ಕೇಳಿದಳು, ಭಾನುವಾರಗಳಂದು ಅಕ್ಕನನ್ನು ಬೆಂಗಳೂರಿಗೆ ಕಳಿಸುತ್ತೀರಾ ಎಂದು. ಭಾವ ದನದ ಕೊಟ್ಟಿಗೆಯ ಕಡೆ ನೋಡಿ, “ಅವಳಿಗೆ ಇಷ್ಟ ಇದ್ರೆ ಓಗ್ಲಿ. ಸಂಜೆ ಆಲು ಕರೆಯೋಕೆ ನಾನಿದ್ದೀನಿ,” ಎಂದ. ಅಕ್ಕನಿಗೆ ಇಷ್ಟವಿತ್ತು. ಮುಖದಲ್ಲೇ ಕಾಣುತ್ತಿತ್ತು.

ಹೀಗೆ ನನ್ನ ಒಂಟಿ ಪ್ರಯಾಣಕ್ಕೆ ಜೊತೆ ಸಿಕ್ಕಿತು. ಅಕ್ಕ ಬಸ್ಸಿನಲ್ಲಿ ಬಂಗಾರಪೇಟೆಗೆ ಬರುವಳು, ನಾನು ಸ್ಟೇಷನ್ನಿನಲ್ಲಿ ಕಾಯುತ್ತಿರುತ್ತಿದ್ದೆ. ಬುತ್ತಿ ಕಟ್ಟಿಕೊಂಡು ಬಂದಿರುತ್ತಿದ್ದಳು, ತಾಲೀಮಿನ ಹುಡುಗರಿಗೂ ಸೇರಿಸಿ. ಅವರೆಲ್ಲ ಅವಳನ್ನು ಅಮ್ಮಾ ಎಂದು ಕರೆಯತೊಡಗಿದರು.

ಕಷ್ಟ ಬಂದದ್ದು ತಾಲೀಮಿನಲ್ಲಿ. ನಾಟಕದ ಎರಡನೆಯ ಅರ್ಧದಲ್ಲಿ ಗಣಿಯಿಂದ ಒಂದು ಹೆಣ ಮೇಲೆ ಬರುತ್ತದೆ. ಬಿಳಿ ಬಟ್ಟೆ ಸುತ್ತಿದ ದಿಂಬಿನ ಮುಂದೆ ಅಕ್ಕ ಕೂರಬೇಕು. ಮೊದಲ ದಿನ ಅವಳು ಬಾಯಿ ತೆರೆದು, ಹಾಗೆಯೇ ಮುಚ್ಚಿದಳು.

“ಯಾರಿಗೆ ಅಂತ ಅಳ್ಲಿ ಮೇಡಂ?”

“ಈತ ನಿಮ್ಮ ಗಂಡ, ಅಂದ್ಕೊಳ್ಳಿ.”

ಅಕ್ಕ ಬೆಚ್ಚಿ ತಾಳಿ ಮುಟ್ಟಿಕೊಂಡಳು. ನಿರ್ದೇಶಕಿಗೆ ತಪ್ಪು ತಿಳಿಯಿತು. ಹತ್ತಿರ ಬಂದು ಪಕ್ಕದಲ್ಲಿ ಕೂತು, “ನಿಮಗೆ ಯಾರು ನೆನಪಾಗ್ತಾರೋ ಅವರನ್ನ ಮನಸ್ಸಿಗೆ ತಂದ್ಕೊಳ್ಳಿ. ಹೊರಗೆ ಯಾರಿಗೂ ಹೇಳಬೇಕಾಗಿಲ್ಲ,” ಎಂದಳು. ಅಕ್ಕ ಅಪ್ಪನನ್ನು ತಂದುಕೊಂಡಳು. ಅಪ್ಪ ಬಂದ.

ಮೊದಲ ಪ್ರದರ್ಶನಗಳಲ್ಲಿ ಜನ ಉಸಿರು ಬಿಗಿಹಿಡಿದು ಕೇಳಿದರು. ಪತ್ರಿಕೆಗಳಲ್ಲಿ ಬರೆದರು. ನಾಟಕ ಮತ್ತೆ ಮತ್ತೆ ನಡೆಯತೊಡಗಿತು, ಭಾನುವಾರ ಮಧ್ಯಾಹ್ನಕ್ಕೊಂದು ಆಟ ನಿಗದಿಯಾಯಿತು. ಊರಲ್ಲಿ ಡೇರಿಯ ಮುಂದೆ ಕ್ಯಾನ್ ಹಿಡಿದು ನಿಂತವರು ಮೊಬೈಲಿನಲ್ಲಿ ಅಕ್ಕನ ಫೋಟೊ ತೋರಿಸಿಕೊಂಡು ನಗುತ್ತಿದ್ದರು. ಅದರಲ್ಲಿ ಹೆಮ್ಮೆಯೂ ಇತ್ತು.

ಒಂದು ಭಾನುವಾರ ವಾಪಸ್ಸು ಬರುವಾಗ ರೈಲಿನಲ್ಲಿ ಅಕ್ಕ ಕಿಟಕಿಯ ಕಡೆಗೆ ಮುಖ ಮಾಡಿ ಕೂತಿದ್ದಳು. ಮಾಲೂರು ದಾಟಿದ ಮೇಲೆ ಹೇಳಿದಳು.

“ಅಪ್ಪ ಈಗ ಬತ್ತಿಲ್ಲ ಕಣೇ.”

ನನಗೆ ಅರ್ಥವಾಗಲಿಲ್ಲ.

“ಕೂತ್ಕಂಡು ಕರೀತೀನಿ. ಬತ್ತಿಲ್ಲ. ಸುಮ್ನೆ ರಾಗ ಎಳೀತೀನಿ, ಜನ ಅಳ್ತಾರೆ. ನಂಗೆ ಮಾತ್ರ ಏನೂ ಆಗಾಕಿಲ್ಲ. ಅಪ್ಪನ್ನ ಕರ್ದು ಕರ್ದು ಸವೆಸ್ಬಿಟ್ಟೆ.”

ದೊಡ್ಡ ನಟರಿಗೂ ಹೀಗಾಗುತ್ತದೆ, ಅದು ಅಭ್ಯಾಸ ಎಂದೇನೋ ಹೇಳಿದೆ. ಅವಳು ತಲೆಯಾಡಿಸಿದಳು. ಆಮೇಲಿನ ವಾರಗಳಲ್ಲಿ ಆ ಮಾತು ಎತ್ತಲಿಲ್ಲ. ಅವಳ ಅಳು ಮತ್ತೆ ಜೀವ ತುಂಬಿಕೊಂಡಿತ್ತು. ಅವರೆಕಾಯಿ ಕಾಲದ ಒಂದು ಭಾನುವಾರವಂತೂ ಹಾಡುತ್ತ ಹಾಡುತ್ತ ನಾಟಕದ ಪುಸ್ತಕದಲ್ಲಿಲ್ಲದ ಒಂದು ಸಾಲನ್ನು ಸೇರಿಸಿದಳು. ಸೊಂಟದ ಎಲೆಅಡಿಕೆ ಚೀಲವನ್ನು ಯಾರ ಕೈಗೆ ಕೊಟ್ಟು ಹೋದೆ ಎಂದು ಆ ಹೆಣವನ್ನು ಕೇಳಿದಳು. ನನ್ನ ಪಕ್ಕದಲ್ಲಿದ್ದ ಅಪರಿಚಿತ ಹೆಂಗಸು ನನ್ನ ತೋಳು ಹಿಡಿದುಕೊಂಡಳು. ಆಟ ಮುಗಿದ ಮೇಲೆ ನಿರ್ದೇಶಕಿ ಓಡಿ ಬಂದು, “ಈ ಸಾಲು ಇರಲಿ. ಇವತ್ತಿನದು ರೆಕಾರ್ಡ್ ಆಗಿದೆ, ನಮ್ಮ ಪುಣ್ಯ,” ಎಂದಳು. ಅಕ್ಕ ಮುಖ ತೊಳೆದುಕೊಳ್ಳಲು ಹೋದವಳು ತುಂಬ ಹೊತ್ತು ಹೊರಗೆ ಬರಲಿಲ್ಲ.

ಆಮೇಲೆ ಹೆಚ್ಚು ದಿನ ಕಳೆಯಲಿಲ್ಲ. ಅಕ್ಕನ ಅತ್ತೆ ಊಟ ಮಾಡಿ ಜಗಲಿಯ ಬಿಸಿಲಿಗೆ ಮಲಗಿದವರು ಏಳಲಿಲ್ಲ. ಕಾಯಿಲೆ ಎಂದು ಮಲಗಿದವರಲ್ಲ. ವಯಸ್ಸಾಗಿತ್ತು, ಅಷ್ಟೆ.

ಶಾಲೆಗೆ ರಜೆ ಹೇಳಿ ಕಾಮಸಮುದ್ರದ ಬಸ್ಸು ಹಿಡಿದು ಹೋದೆ. ಅಂಗಳದಲ್ಲಿ ಜನ ತುಂಬಿದ್ದರು. ಅತ್ತೆಯನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಮುಂದಿನ ಜಾಗವನ್ನು ಹೆಂಗಸರು ಅಕ್ಕನಿಗೆ ಬಿಟ್ಟು ಸುತ್ತ ಕೂತಿದ್ದರು. ಅಕ್ಕ ಅಲ್ಲಿ ಕೂತಿದ್ದಳು, ತಲೆಯ ಮೇಲೆ ಸೆರಗು ಎಳೆದುಕೊಂಡು. ಬಾಯಿ ಬಿಡುತ್ತಿರಲಿಲ್ಲ. ಎಲ್ಲರೂ ಕಾಯುತ್ತಿದ್ದರು. ಹಿಂದುಗಡೆ ಯಾರೋ ಮೊಬೈಲ್ ಎತ್ತಿ ಹಿಡಿದಿದ್ದನ್ನು ಕಂಡೆ, ಅಕ್ಕನೂ ಕಂಡಳು.

“ಏಳ್ಕಂಡು ಅಳಮ್ಮ, ನಿಮ್ಮತ್ತೆ ಅಲ್ವಾ,” ಎಂದು ಒಬ್ಬರು ಮೆತ್ತಗೆ ಹೇಳಿದರು.

ಅಕ್ಕನ ತುಟಿ ಅಲುಗಿತು, ದನಿ ಹೊರಡಲಿಲ್ಲ. ಕಣ್ಣಲ್ಲಿ ನೀರೂ ಇರಲಿಲ್ಲ. ಆಗ ನೀರು ತುಂಬಿದ ಕೊಡ ಇಳಿಸುತ್ತಿದ್ದ ಒಬ್ಬ ಹೆಂಗಸು, ಕೇಳಲಿ ಎಂದೇ, “ಬೆಂಗಳೂರಲ್ಲಿ ಟಿಕೆಟ್ ತಗಂಡೋರಿಗೆ ಮಾತ್ರ ಅಳ್ತಾಳೇನೋ,” ಎಂದಳು. ಭಾವ ತಿರುಗಿ ನೋಡಿದ. ಕೊನೆಗೆ ಪಕ್ಕದ ಬೀದಿಯ ಮುದುಕಿಯೊಬ್ಬರು ತೂರಿಕೊಂಡು ಮುಂದೆ ಬಂದು, ನಡುಗುವ ದನಿಯಲ್ಲಿ ಶುರು ಮಾಡಿದರು. ಊರಿಗೆಲ್ಲ ಅತ್ತ ಹೆಂಗಸಿಗೆ ಸಿಕ್ಕಿದ್ದು ಅಷ್ಟೇ.

ತಿಥಿ ಮುಗಿದ ಮೇಲೆ ಅಕ್ಕ ನನ್ನನ್ನು ಹೊಲದ ಕಡೆ ಕರೆದುಕೊಂಡು ಹೋದಳು. ಟೊಮೇಟೊ ಸಾಲಿನ ನಡುವೆ ಕೂತು ಹೇಳಿದಳು.

“ಅಪ್ಪ ಬರೋದು ನಿಂತ್ಮೇಲೆ ಒಂದಿನ ಅತ್ತೇನ ನೆನಸ್ಕಂಡೆ. ಅವ್ರು ಸತ್ತವ್ರೆ ಅಂತ. ಅವತ್ತು ನಾನು ಬರೋವಾಗ ಜಗುಲಿ ಮೇಲೆ ಅವರೆಕಾಯಿ ಸುಲೀತಾ ಕೂತಿದ್ರು. ಬೇಗ ಬಾ ಸಾರು ಮಾಡಾನ ಅಂದ್ರು. ನಾನು ಅಲ್ಲಿ ಕೂತ್ಕಂಡು ಅವ್ರ ಎಣದ ಮುಂದೆ ಅತ್ಬಿಟ್ಟೆ. ಒಂದಿನ ಅಲ್ಲ, ಆಮೇಲೆ ಪ್ರತಿ ವಾರಾನೂ ಅತ್ತೆ. ಎಷ್ಟು ಚೆನ್ನಾಗಿ ಬತ್ತಿತ್ತು ಗೊತ್ತಾ.”

“ಅದರಿಂದ ಯಾರೂ ಸಾಯಲ್ಲ ಅಕ್ಕ.”

“ಗೊತ್ತು. ನಂಗೂ ಗೊತ್ತು.” ಮಣ್ಣಿನ ಹೆಂಟೆಯೊಂದನ್ನು ಪುಡಿ ಮಾಡುತ್ತ ಕೂತಳು. “ನಿಜ್ವಾಗಿ ಅವ್ರ ಮುಂದೆ ಕೂತಾಗ ಬಾಯಿಗೆ ಬಂದಿದ್ದೆಲ್ಲ ಅಲ್ಲಿ ಏಳಿ ಮುಗ್ಸಿದ್ದೇ ಆಗಿತ್ತು. ಅದನ್ನೇ ಮತ್ತೆ ಎಂಗೆ ಏಳ್ಲಿ? ನಾಟ್ಕ ಆಡ್ದಂಗೆ ಆಗ್ತಿತ್ತು.”

ಅವಳ ಸೆರಗಿಗೆ ಅಂಟಿದ ಮಣ್ಣು ಕೊಡವಿದೆ.

ನಿರ್ದೇಶಕಿ ಸುದ್ದಿ ತಿಳಿದು ಊರಿಗೇ ಬಂದಳು, ಹೂ ಹಣ್ಣು ತಂದಳು, ಭಾವನ ಹತ್ತಿರ ಕೂತು ಮಾತಾಡಿಸಿದಳು. ಇನ್ನು ಬರಲಾರೆ ಎಂದು ಅಕ್ಕ ಹೇಳಿದಾಗ ಒತ್ತಾಯ ಮಾಡಲಿಲ್ಲ. ನಿಮ್ಮ ರೆಕಾರ್ಡ್ ಇದೆ, ಅದನ್ನೇ ಹಾಕಿ ಆಟ ನಡೆಸಬಹುದೇ ಎಂದು ಮಾತ್ರ ಕೇಳಿದಳು. ಬಂದವರಿಗೆ ಕಾಫಿ ಕೊಡುವ ಗಡಿಬಿಡಿಯಲ್ಲಿ ಅಕ್ಕ ಹೂಂ ಎಂದಳು.

ಬೇಸಿಗೆಯಲ್ಲಿ ಆ ನಾಟಕ ಮತ್ತೆ ಶುರುವಾಯಿತು. ನೋಡಬೇಕು ಎಂದು ಅಕ್ಕನೇ ಹೇಳಿದಳು. ಮೊದಲ ಸಲ ಅವಳು ಜನರ ನಡುವೆ ಕುರ್ಚಿಯಲ್ಲಿ ಕೂತಳು. ಎರಡನೆಯ ಅರ್ಧದಲ್ಲಿ ಬೇರೊಬ್ಬ ನಟಿ ಬಿಳಿ ಬಟ್ಟೆಯ ಮುಂದೆ ಕೂತು ಎದೆ ಬಡಿದುಕೊಂಡಳು, ಸ್ಪೀಕರಿನಿಂದ ಅಕ್ಕನ ದನಿ ಬಂತು. ನಟಿಯ ತುಟಿ ಸರಿಯಾಗಿ ಕೂಡುತ್ತಿತ್ತು, ಹುಡುಗಿ ಚೆನ್ನಾಗಿ ಕಲಿತಿದ್ದಳು. ಎಲೆಅಡಿಕೆ ಚೀಲದ ಸಾಲು ಬಂದಾಗ ಅಕ್ಕ ಮುಂದಕ್ಕೆ ಬಾಗಿ ಮುಖವನ್ನು ಮೊಣಕಾಲಿಗೆ ಒತ್ತಿಕೊಂಡಳು. ಅವಳ ಬೆನ್ನು ಅದುರುತ್ತಿತ್ತು. ಅತ್ತೆ ಹೋದ ಮೇಲೆ ಅವಳು ಅತ್ತದ್ದನ್ನು ನಾನು ನೋಡಿದ್ದು ಅಂದೇ, ತನ್ನ ದನಿಯನ್ನು ತಾನೇ ಕೇಳಿಕೊಂಡು.

ಆಟ ಮುಗಿದ ಮೇಲೆ ನಿರ್ದೇಶಕಿಯ ಹತ್ತಿರ ತಾನಾಗಿಯೇ ಹೋದಳು.

“ಮೇಡಂ, ಅದನ್ನ ತೆಗ್ದುಬಿಡಿ. ಅದು ನಮ್ಮತ್ತೆಗೆ ಅತ್ತಿದ್ದು. ವಾರ ವಾರ ಅವ್ರನ್ನ ಅಲ್ಲಿ ಮಲಗಿಸ್ಬೇಡಿ.”

ನಿರ್ದೇಶಕಿ ನನ್ನ ಮುಖ ನೋಡಿದಳು. ನಾಟಕವೆಲ್ಲ ಆ ದೃಶ್ಯದ ಮೇಲೆ ನಿಂತಿತ್ತು, ಅದು ಮೂವರಿಗೂ ಗೊತ್ತಿತ್ತು. ಕೊನೆಗೆ ಅಕ್ಕನ ಕೈ ಹಿಡಿದು, ಆಗಲಿ ಎಂದಳು. ಮಾತು ಉಳಿಸಿಕೊಂಡಳು ಕೂಡ. ಈಗ ಅಲ್ಲಿ ಪಿಟೀಲು ಬಾರಿಸುತ್ತಾರೆ. ಮೊದಲಿನಷ್ಟು ಜನ ಅಳುವುದಿಲ್ಲ ಎಂದು ನೋಡಿ ಬಂದವರು ಹೇಳಿದರು. ಅದನ್ನು ನಾನು ಅಕ್ಕನಿಗೆ ಹೇಳಿಲ್ಲ.

ಮೊನ್ನೆ ಅವಳ ಊರಿಗೆ ಹೋಗಿದ್ದೆ. ಭಾವ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದ. ಬೆಳಿಗ್ಗೆ ಹೊತ್ತು ಇದು ಅಕ್ಕನ ಕೆಲಸವಲ್ಲವೇ ಎಂದು ಕೇಳಿದೆ.

“ಅವಳು ಮುಂಚೆ ಏನಾದ್ರೂ ಗುನುಗ್ಕಂಡು ಕರೀತಿದ್ಲು,” ಎಂದ ಭಾವ, ತಲೆ ಎತ್ತದೆ. “ಈಗ ಸುಮ್ನೆ ಕೂತ್ಕಂತಾಳೆ. ಅಸು ಸೊರ ಬಿಡಾಕಿಲ್ಲ, ಆಲು ಇಳ್ಸಾಕಿಲ್ಲ ಅಂತದೆ. ಅದಕ್ಕೇ ನಾನೇ ಕೂತ್ಕಂತೀನಿ. ನಿಂಗೇನಾದ್ರೂ ಏಳಿದ್ಲಾ?”

ಇಲ್ಲ ಎಂದೆ. ಅಕ್ಕ ಒಳಗಿನಿಂದ ಕಾಫಿ ತಂದು ನನ್ನ ಕೈಗೆ ಕೊಟ್ಟಳು. ಆಮೇಲೆ ಹಾಲಿನ ಕ್ಯಾನ್ ಎತ್ತಿಕೊಂಡು ಡೇರಿಯ ಕಡೆ ಹೊರಟಳು.