ಎಡಕ್ಕೆ ಬಿದ್ದ ಹೂವು

ಇಲ್ಲಿ ಬರೆಯುತ್ತಿರುವುದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆ ಹೂವು ಸೇವಂತಿಗೆಯೋ ಕಣಗಿಲೆಯೋ ಎಂದು ಯಾರಾದರೂ ಒತ್ತಿ ಕೇಳಿದರೆ ಆಣೆ ಮಾಡಿ ಹೇಳಲಾರೆ. ಆದರೆ ಹೋದ ವಾರ ಹಿರಿಯೂರಿನ ಬಸ್ ನಿಲ್ದಾಣದ ಹೊರಗೆ ಹೂ ಮಾರುವ ಹೆಂಗಸು ಸೇವಂತಿಗೆಯ ರಾಶಿಗೆ ನೀರು ಚಿಮುಕಿಸಿದಾಗ ಎದ್ದ ಹಸಿ ಘಾಟು ಮೂಗಿಗೆ ಬಡಿಯಿತು. ಯಾಕೆಂದು ಹೊಳೆಯುವ ಮೊದಲೇ ಕೈಚೀಲ ಕೆಳಗಿಟ್ಟು ನಿಂತೆ. ಐಮಂಗಲದ ನಮ್ಮ ಮಾಳಿಗೆ ಮನೆ, ಅದರ ಮಣ್ಣಿನ ತಂಪು, ಬೆಳಕಿಂಡಿಯಿಂದ ಪಡಸಾಲೆಗೆ ಇಳಿಯುತ್ತಿದ್ದ ಬಿಸಿಲು, ಆ ಬಿಸಿಲಿನಲ್ಲಿ ಕೂತು ನೀರು ಕುಡಿಯುತ್ತಿದ್ದ ಸರೋಜತ್ತೆ, ಇವೆಲ್ಲ ಒಟ್ಟಿಗೇ ಬಂದವು. ಅವಳು ಗುಟುಕರಿಸಿದಾಗಲೆಲ್ಲ ಕುತ್ತಿಗೆಯ ಗಂಟು ಮೇಲೆದ್ದು ಕೆಳಗಿಳಿಯುತ್ತಿತ್ತು. ಎದುರಿಗೆ ಕೂತ ನಾನೂ ಉಗುಳು ನುಂಗಿ ನನ್ನ ಕುತ್ತಿಗೆ ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಸರೋಜತ್ತೆ ಅಪ್ಪನ ಕೊನೆಯ ತಂಗಿ, ಆಗಿನ್ನೂ ಮದುವೆಯಾಗಿರಲಿಲ್ಲ. ಸೋಮವಾರದ ಭಜನೆಯಲ್ಲಿ ಮೊದಲ ಸಾಲು ಎತ್ತಿಕೊಡುತ್ತಿದ್ದವಳು ಅವಳೇ. ಚಿತ್ರದುರ್ಗದ ಡಾಕ್ಟರು ಸೂಜಿ ಹಾಕಿ ಪರೀಕ್ಷೆಗೆ ಕಳಿಸಿ, ಗಂಟು ತೆಗೆಯಲೇಬೇಕು, ತಡ ಮಾಡಬೇಡಿ ಎಂದಿದ್ದರು. ಅಜ್ಜಿ ಮಾತ್ರ, "ಅಮ್ಮನ್ನ ಒಂದ್ ಮಾತು ಕೇಳಾಣ" ಎಂದಳು. ನಮ್ಮಲ್ಲಿ ಮದುವೆಯಿರಲಿ, ಬಾವಿ ತೋಡಿಸುವುದಿರಲಿ, ಊರದೇವತೆ ಅಮ್ಮನ ಗುಡಿಗೆ ಹೋಗಿ ಹೂ ಕೇಳದೆ ನಡೆಯುತ್ತಿರಲಿಲ್ಲ. ಪೂಜಾರಪ್ಪ ಹೂವಿನ ಎಸಳನ್ನು ನೀರಿನಲ್ಲಿ ಅದ್ದಿ ಅಮ್ಮನ ಎರಡೂ ಭುಜಕ್ಕೆ ಅಂಟಿಸುತ್ತಿದ್ದ. ಬಲಗಡೆಯದು ಮೊದಲು ಬಿದ್ದರೆ ಒಪ್ಪಿಗೆ, ಎಡಗಡೆಯದು ಬಿದ್ದರೆ ಬೇಡ. ಅಜ್ಜಿ ಸೆರಗೊಡ್ಡಿ, "ಕೂಸಿನ ಕುತ್ತಿಗೆಗೆ ಕತ್ತಿ ಹಾಕ್ಸಾಣೇನವ್ವ?" ಎಂದು ಕೇಳಿದ್ದು ನನ್ನ ಕಿವಿಯಲ್ಲಿದೆ. ಬಹಳ ಹೊತ್ತು ಏನೂ ಬೀಳಲಿಲ್ಲ. ಗುಡಿಯೊಳಗೆ ಎಣ್ಣೆ ಕಮಟು, ಅಜ್ಜಿಯ ಉಸಿರಿನ ಸದ್ದು. ಕೊನೆಗೆ ಎಡಗಡೆಯ ಎಸಳು ಬಿತ್ತು. ದಾರಿಯುದ್ದಕ್ಕೂ ಅಜ್ಜಿ ನನ್ನ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದಿದ್ದಳು.

ಚಿಕ್ಕಪ್ಪ ಹಿರಿಯೂರಿನ ಶಾಲೆಯೊಂದರಲ್ಲಿ ವಿಜ್ಞಾನದ ಮೇಷ್ಟ್ರು. ದೇವರನ್ನು ನಂಬುತ್ತಿರಲಿಲ್ಲ, ನಂಬುವವರನ್ನು ಆಡಿಕೊಳ್ಳುತ್ತಲೂ ಇರಲಿಲ್ಲ. ಅಜ್ಜಿಯ ಹತ್ತಿರ ವಾದ ಮಾಡಬೇಕಾದರೆ ಅವನದೊಂದು ಪದ್ಧತಿ ಇತ್ತು. ಕುರ್ಚಿ ಬಿಟ್ಟು ಅವಳ ಎದುರು ನೆಲಕ್ಕೆ ಕೂತು, ಅವಳ ಮೊರದಿಂದ ಶೇಂಗಾ ಎತ್ತಿಕೊಂಡು ಒಡೆಯತೊಡಗುತ್ತಿದ್ದ.

"ಅವ್ವ, ಒಂದ್ ಕೇಳ್ತೀನಿ, ಬೇಜಾರಾಗ್ಬ್ಯಾಡ."

"ಕೇಳಪ್ಪ. ಮೇಷ್ಟ್ರಂಗೆ ಕೇಳ್ಬ್ಯಾಡ, ಸಾಲಿ ಮೆಟ್ಲು ಹತ್ತಿದೋಳಲ್ಲ, ಫೇಲಾಗ್ತೀನಿ."

"ಅಮ್ಮ ತಪ್ಪು ಹೇಳಲ್ಲ ಅಂತ ನಿನ್ನ ನಂಬ್ಕೆ. ಅದನ್ನ ನಾ ಮುಟ್ಟಲ್ಲ. ಆದ್ರೆ ನಾವು ಕೇಳಿದ್ ರೀತಿ ಸರಿ ಐತಾ?"

"ನಾವು ಅಲ್ಲ, ಕೇಳಿದ್ದು ನಾನು. ನೀನು ಗುಡಿ ಹೊಸ್ಲೂ ತುಳಿಲಿಲ್ಲ." ಅಜ್ಜಿ ಕೈಯಲ್ಲಿದ್ದ ಸಿಪ್ಪೆ ಕೆಳಗೆ ಹಾಕಿ ಅವನನ್ನೇ ನೋಡಿದಳು. "ಈಗ ನಾನೊಂದ್ ಕೇಳ್ತೀನಿ ಕೇಳು. ಕುತ್ತಿಗ್ಯಾಗೆ ಇಂಥದ್ದೈತೆ ಅಂತ ಡಾಕ್ಟ್ರು ಅಂದ್ರು, ನೀನು ನಂಬ್ದೆ. ಒಳಗಿಣುಕಿ ನೋಡ್ದೇನು? ಪೂಜಾರಪ್ಪ ಅಂದಿದ್ದು ನಾನು ನಂಬ್ದೆ. ನಿಂದೂ ನಂದೂ ಒಂದೇ ಅಲ್ಲೇನು?"

ಚಿಕ್ಕಪ್ಪ ನಗಲಿಲ್ಲ. ಯೋಚನೆ ಮಾಡಿ ಹೇಳ್ತೀನಿ ಎಂದು ಎದ್ದ. ಉತ್ತರ ಕೊಟ್ಟದ್ದು ಮಾರನೆಯ ದಿನವೋ ಅದರ ಮರುದಿನವೋ. ಡಾಕ್ಟರು ತಾವೂ ತಪ್ಪಬಹುದು ಅಂತಲೇ ಪರೀಕ್ಷೆಗೆ ಕಳಿಸಿದರು, ಪೂಜಾರಪ್ಪ ಎಂದಾದರೂ ಹಾಗೆಂದಿದ್ದಾನಾ ಎಂದು ಕೇಳಿದ. ಅಜ್ಜಿ ತಕ್ಷಣ, "ತಪ್ಪಬೌದು ಅನ್ನೋನ ಕೈಗೆ ಕತ್ತಿ ಕೊಡ್ತೀಯೇನ್ಲೇ?" ಎಂದಳು. ಅವನು ಮೊರದಿಂದ ಇನ್ನೊಂದು ಶೇಂಗಾ ಎತ್ತಿಕೊಂಡ. ಹೀಗೆ ದಿನಗಳು ಹೋದವು, ಗಂಟು ಹಾಗೇ ಇತ್ತು. ಒಳಗೆ ಅತ್ತೆ ರೊಟ್ಟಿ ತಟ್ಟುವ ಸದ್ದು ಅವಳ ಹೆಸರು ಬಂದಾಗಲೆಲ್ಲ ನಿಲ್ಲುತ್ತಿತ್ತು ಎಂದು ನನ್ನ ನೆನಪು. ಇದು ನಾನು ಆಮೇಲೆ ಸೇರಿಸಿಕೊಂಡದ್ದೂ ಇರಬಹುದು.

ಒಂದು ಮಾತ್ರ ನಾನೇ ಕಂಡದ್ದು. ಗುಡಿಯ ಬಾಗಿಲಿನಿಂದ ಬರುವ ಬಿಸಿಲು ಅಮ್ಮನ ಎಡ ಭುಜಕ್ಕೆ ಬೀಳುತ್ತಿತ್ತು, ಬಲಗಡೆ ನೆರಳು. ಒಣಗಿದ ಎಸಳು ಮೊದಲು ಬೀಳುವುದು ಸಹಜವಲ್ಲವೇ ಎಂದು ಚಿಕ್ಕಪ್ಪನಿಗೆ ಹೇಳಿದೆ. ಮೆಚ್ಚುತ್ತಾನೆ ಎಂದುಕೊಂಡಿದ್ದೆ. ಅವನಿಗೆ ಅದು ಮೊದಲೇ ಗೊತ್ತಿತ್ತು. ಹಾಗಾದರೆ ಅಜ್ಜಿಗೆ ಯಾಕೆ ಹೇಳಲಿಲ್ಲ ಎಂದದ್ದಕ್ಕೆ, "ಹೇಳಿ ಏನ್ಮಾಡ್ಲವ್ವ? ನಾಳೆ ಇನ್ನೊಂದು ಕಷ್ಟ ಬಂದ್ರೆ ಅವ್ವ ಎಲ್ಲಿಗೋಗಿ ಕೇಳ್ಬೇಕು?" ಎಂದ. ಮುಂದೆ ವಿಶ್ವವಿದ್ಯಾಲಯದಲ್ಲಿ ಎಷ್ಟೋ ವಾದಗಳನ್ನು ಕೇಳಿದ ಮೇಲೂ ಈ ಮಾತನ್ನು ಎಲ್ಲಿಡಬೇಕೆಂದು ನನಗೆ ತಿಳಿದಿಲ್ಲ. ಅದು ಗೌರವವೋ, ಅಜ್ಜಿಗೆ ಸತ್ಯ ತಡೆದುಕೊಳ್ಳಲಾಗದು ಎಂಬ ಮೇಷ್ಟ್ರ ತೀರ್ಮಾನವೋ? ಅವಳಾದರೋ ಅವನಿಗೆ ಒಂದಿಷ್ಟೂ ಬಿಟ್ಟುಕೊಡದೆ ಪ್ರಶ್ನೆ ಕೇಳುತ್ತಿದ್ದಳು.

ಕೊನೆಗೆ ಅವಳ ನಂಬಿಕೆಯೊಳಗಿನಿಂದಲೇ ಅವನು ದಾರಿ ಹುಡುಕಿದ. "ಅವ್ವ, ಸರೋಜಿನ್ನ ದುರ್ಗಕ್ಕೆ ಕರ್ಕಂಡೋದ್ರೆ ಅಮ್ಮ ಕೈ ಬಿಡ್ತಾಳಾ?"

"ಕೈ ಬಿಡೋದೇನು? ಎಲ್ಲಿದ್ರೂ ಅವಳ ಮಗಳೇ."

"ಅದಕ್ಕೆ ಹೂ ಕೇಳ್ಬೇಕಾ?"

"ಅದನ್ಯಾರು ಕೇಳ್ತಾರೆ?"

"ಹಂಗಾದ್ರೆ ಆಸ್ಪತ್ರ್ಯಾಗೂ ಇರ್ತಾಳೆ."

ಅಜ್ಜಿ ಮೊರ ಪಕ್ಕಕ್ಕೆ ಸರಿಸಿದಳು. "ನನ್ನ ಮಾತಿಂದ್ಲೇ ನನ್ನ ಕಟ್ಟಾಕ್ದೆ, ಹೋಗ್ರಪ್ಪ" ಎಂದಳು. ಸೋತವಳ ದನಿಯಲ್ಲ, ಒಪ್ಪಿದವಳ ದನಿಯೂ ಅಲ್ಲ. ಆಸ್ಪತ್ರೆಯ ವರಾಂಡದಲ್ಲಿ ಕಾದಿದ್ದಷ್ಟು ಹೊತ್ತೂ ಅವಳು ತುಟಿ ಅಲ್ಲಾಡಿಸುತ್ತಿದ್ದಳು. ಚಿಕ್ಕಪ್ಪ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದ, ಕೂರು ಎಂದರೂ ಕೂರಲಿಲ್ಲ.

ಗಂಟು ಕೆಟ್ಟದ್ದೇ ಆಗಿತ್ತು. ಇನ್ನೂ ತಡವಾಗಿದ್ದರೆ ಅತ್ತೆ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ಉಳಿದಳು, ಆದರೆ ದನಿ ಹೋಯಿತು. ಕೆಲವರಿಗೆ ಹೀಗಾಗುತ್ತದೆ, ಒಂದು ನರಕ್ಕೆ ಪೆಟ್ಟಾಗುತ್ತದೆ ಎಂದು ಅವರು ಮೊದಲೇ ಎಚ್ಚರಿಸಿದ್ದರಂತೆ. ಪಿಸುಮಾತಿನಷ್ಟು ಉಳಿಯಿತು. ಸೋಮವಾರದ ಭಜನೆಯಲ್ಲಿ ಮೊದಲ ಸಾಲನ್ನು ಬೇರೆ ಯಾರೋ ಎತ್ತಿಕೊಂಡರು, ಅತ್ತೆ ತಾಳ ಹಿಡಿದು ಕೂತಳು. ಅಮ್ಮ ಬೇಡ ಅಂದದ್ದು ಇದಕ್ಕೇ ಎಂದು ಅಜ್ಜಿ ಒಮ್ಮೆಯೂ ಹೇಳಲಿಲ್ಲ. ಜೀವ ಉಳೀತಲ್ಲ ಎಂದು ಚಿಕ್ಕಪ್ಪನೂ ಹೇಳಲಿಲ್ಲ. ಹೇಳಿಬಿಟ್ಟಿದ್ದರೆ ಮನೆ ಹಗುರಾಗುತ್ತಿತ್ತೇನೋ. ಆಮೇಲೆ ಚಿಕ್ಕಪ್ಪ ಮೊರದ ಎದುರು ಕೂರಲಿಲ್ಲ. ಸಂಜೆ ಬಂದವನು ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಿದ್ದ. ಅಜ್ಜಿ ಒಬ್ಬಳೇ ಶೇಂಗಾ ಒಡೆಯುತ್ತ ಆಗಾಗ ತಲೆಯೆತ್ತಿ ಅವನತ್ತ ನೋಡುತ್ತಿದ್ದಳು. ಅವಳಿಗೂ ಕೇಳಲು ಏನೋ ಉಳಿದಿತ್ತು ಎಂದು ಈಗ ಅನಿಸುತ್ತದೆ.

ಈಗ ಇಬ್ಬರೂ ಇಲ್ಲ. ರಸ್ತೆ ಅಗಲ ಮಾಡುವಾಗ ಪಡಸಾಲೆ ಹೋಯಿತು. ಅವರು ವಾದ ಮಾಡಿದ ಜಾಗದ ಮೇಲೆ ಹಗಲೂ ರಾತ್ರಿ ಲಾರಿಗಳು ಓಡುತ್ತವೆ. ಅತ್ತೆ ಹೊಸದುರ್ಗದಲ್ಲಿದ್ದಾಳೆ, ಮದುವೆಯಾಗಿ, ಮೊಮ್ಮಗಳನ್ನೂ ಕಂಡು. ಈ ಭಾನುವಾರ ಹೋಗಿದ್ದೆ. ಇಷ್ಟು ವರ್ಷ ನನಗೆ ಕಾಣದೇ ಉಳಿದದ್ದನ್ನು ಕೇಳಿಬಿಟ್ಟೆ. ಕೇಳಿದೊಡನೆ ಕೇಳಬಾರದಿತ್ತು ಎನಿಸಿತು. ಅವಳು ನನ್ನನ್ನು ನೋಡಿದಳು, ಮೊಮ್ಮಗಳ ಜಡೆ ಬಿಚ್ಚಿ ಮತ್ತೆ ಮೊದಲಿನಿಂದ ಹೆಣೆಯತೊಡಗಿದಳು. ಕೇಳಿದ್ದು ಇಷ್ಟೇ: "ಅತ್ತೆ, ಅಜ್ಜಿ ಅಮ್ಮನ್ನ ಕೇಳಿದ್ಲು, ಚಿಕ್ಕಪ್ಪ ಡಾಕ್ಟ್ರನ್ನ ಕೇಳ್ದ. ನಿನ್ನ ಯಾರಾದ್ರೂ ಕೇಳಿದ್ರಾ?"